ಬಿಡುವವರು, ಬಿಡಲಾಗದವರು

ಒಂಬತ್ತು ದಿನ ಉಳಿದಿರುವಾಗ ಅವನಿಗೆ ಪಂದ್ಯದ ನೆನಪಾಯಿತು. ಅದೂ ಯಾರೋ ಹೇಳಿದ್ದರಿಂದ. 1878ರ ಅಕ್ಟೋಬರ್ ತಿಂಗಳು. ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿದ್ದ 22 ವರ್ಷದ ಅಯಾನ್ ಕೀತ್-ಫಾಕ್ನರ್, ಜಾನ್ ಕೀನ್ ಎಂಬವನ ಎದುರು ಐದು ಮೈಲಿ ಸೈಕಲ್ ಓಟಕ್ಕಿಳಿಯುತ್ತೇನೆಂದು ವರ್ಷದ ಮೊದಲಲ್ಲೇ ಮಾತು ಕೊಟ್ಟಿದ್ದ. ಕೊಟ್ಟು ಮರೆತಿದ್ದ. ಕೀನ್ ಸಣ್ಣ ಆಸಾಮಿಯಲ್ಲ. ಇಂಗ್ಲೆಂಡಿನಲ್ಲಿ ಸೈಕಲ್ ಓಟದಿಂದಲೇ ಹೊಟ್ಟೆ ಹೊರೆಯುತ್ತಿದ್ದವರಲ್ಲಿ ಮುಂಚೂಣಿಯವನು. ಜಗತ್ತಿನ ಚಾಂಪಿಯನ್ ಎಂದೇ ಜನ ಅವನನ್ನು ಕರೆಯುತ್ತಿದ್ದರು.

ಆ ಒಂಬತ್ತು ದಿನ ತಾನು ಏನೇನು ಮಾಡಿದೆನೆಂದು ಕೀತ್-ಫಾಕ್ನರ್ ಒಂದು ಕಾಗದದಲ್ಲಿ ಬರೆದಿದ್ದಾನೆ. ಹೊಗೆ ಸೇದುವುದನ್ನು ಬಿಟ್ಟ. ಬೆಳಿಗ್ಗೆ ಬೇಗ ಎದ್ದು, ತಿಂಡಿಗೆ ಮೊದಲೇ ಬಯಲಿನ ಗಾಳಿಯಲ್ಲಿ ತಿರುಗಾಡಿದ. ರಾತ್ರಿ ಹತ್ತರೊಳಗೆ ಮಲಗಿದ. ಮಾಂಸ, ಸಿಹಿ ಕಡಿಮೆ ಮಾಡಿ ಹಿತವಾದದ್ದನ್ನು ಉಂಡ. ಮೈ ದಣಿಯದಷ್ಟು ಕಸರತ್ತು ಮಾಡಿದ. ಒಂದೊಂದು ನೇಮ ಹೇಳಿದ ಕೂಡಲೇ ಅದನ್ನು ಪಾಲಿಸಿದೆನೆಂದೂ ಸೇರಿಸುತ್ತಾನೆ. ಅಕ್ಟೋಬರ್ 23ರ ಬುಧವಾರ, ಜನ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿರುವಾಗ, ಸುಮಾರು ಐದು ಗಜದ ಅಂತರದಲ್ಲಿ ಕೀನ್‌ನನ್ನು ಸೋಲಿಸಿದ. ಬೈಬಲ್ ಓದಿ ಬೆಳೆದ ಹುಡುಗ. ದಾವೀದ ಗೋಲಿಯಾತನನ್ನು ಬೀಳಿಸಿದ ಕಥೆಯನ್ನು ತನಗೆ ಹೊಂದಿಸಿಕೊಂಡು ಖುಷಿಪಟ್ಟಿದ್ದಾನೆ. ಕಾಗದ ಬರೆದದ್ದು ಐಸಾಕ್ ಪಿಟ್‌ಮನ್‌ನಿಗೆ. ನಮ್ಮ ಕಚೇರಿಗಳ ಸ್ಟೆನೋಗಳು ಬೆರಳು ಸವೆಯುವಷ್ಟು ಅಭ್ಯಾಸ ಮಾಡಿದ ಶೀಘ್ರಲಿಪಿಯ ಅದೇ ಪಿಟ್‌ಮನ್. ಶಾಲಾ ದಿನಗಳಿಂದಲೂ ಕೀತ್-ಫಾಕ್ನರ್ ಆ ಲಿಪಿಯ ಪಟುವಾಗಿದ್ದ. ಮುಂದೆ ಬ್ರಿಟಾನಿಕಾ ವಿಶ್ವಕೋಶದ ಒಂಬತ್ತನೇ ಆವೃತ್ತಿಗೆ ಶೀಘ್ರಲಿಪಿಯ ಲೇಖನ ಬರೆದವನೂ ಅವನೇ.

ಆ ಸೈಕಲ್ಲು ನಾವು ಕಂಡ ಸೈಕಲ್ಲಲ್ಲ. ಮುಂದಿನ ಗಾಲಿ ಆಳೆತ್ತರ, ಹಿಂದಿನದು ಮೊಣಕಾಲಿನಷ್ಟು. ಚೈನು ಇಲ್ಲ. ಪೆಡಲು ನೇರವಾಗಿ ಮುಂದಿನ ಗಾಲಿಯ ನಡುಮಧ್ಯಕ್ಕೆ ಜೋಡಿಸಿದ್ದು, ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ಹೀಗಾಗಿ ವೇಗ ಬೇಕೆಂದರೆ ಗಾಲಿ ದೊಡ್ಡದಾಗಬೇಕು. ಗಾಲಿ ದೊಡ್ಡದಾಗಬೇಕೆಂದರೆ ಕಾಲು ಉದ್ದವಿರಬೇಕು. ಕೀತ್-ಫಾಕ್ನರ್‌ನ ಎತ್ತರ ಆರಡಿ ಮೂರಿಂಚು. ಐದಡಿ ವ್ಯಾಸದ ಗಾಲಿ ಎಂದಿಟ್ಟುಕೊಳ್ಳಿ: ಒಂದು ಸುತ್ತಿಗೆ ಹದಿನೈದೂವರೆ ಅಡಿಗಿಂತ ಸ್ವಲ್ಪ ಹೆಚ್ಚು ನೆಲ ಕ್ರಮಿಸುತ್ತದೆ, ಐದು ಮೈಲಿಗೆ ಸುಮಾರು 1,680 ಸುತ್ತು. ಹದಿನೈದು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕಾದರೆ ನಿಮಿಷಕ್ಕೆ 110ಕ್ಕೂ ಹೆಚ್ಚು ಸಲ ಪಾದ ತಿರುಗಬೇಕು. ನಡುವೆ ಕಾಲಿಗೆ ಬಿಡುವು ಕೊಡುವಂತಿಲ್ಲ, ಗಾಲಿ ಉರುಳುವಷ್ಟು ಹೊತ್ತು ಪೆಡಲೂ ತಿರುಗುತ್ತಲೇ ಇರುತ್ತದೆ. ಟೈರು ಗಟ್ಟಿ ರಬ್ಬರಿನದು. ಒಂದು ಕಲ್ಲು ಸಿಕ್ಕರೂ ಸವಾರ ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಬೀಳುವುದು ಖಾತ್ರಿ. ಅಂಥ ಗಾಡಿಯ ಮೇಲೆ ಕೂತವನಿಗೆ ಬೇರೆ ಯೋಚನೆ ಬರಲು ಜಾಗವಿಲ್ಲ. ಗಾಳಿ, ಉಸಿರು, ಎದುರಾಳಿಯ ಗಾಲಿಯ ಸದ್ದು, ಅಷ್ಟೇ ಪ್ರಪಂಚ.

ಬೀದರಿನ ನೌಬಾದಿನಲ್ಲಿ ಕೂತು ಈ ಮನುಷ್ಯನನ್ನು ಯಾಕೆ ನೆನೆಯಬೇಕು ಎಂದು ಕೇಳಿದರೆ, ಅವನು ಇಲ್ಲಿಗೆ ಎರಡು ದಾರಿಯಿಂದ ಬರುತ್ತಾನೆ. ಎರಡನ್ನೂ ಹೇಳುತ್ತೇನೆ. ನನ್ನನ್ನು ಕಾಡಿದ ಪ್ರಶ್ನೆ ಮಾತ್ರ ಆ ಎರಡಕ್ಕೂ ಹೊರಗಿನದು. ಒಬ್ಬ ಮನುಷ್ಯ ತನಗೆ ಅತ್ಯಂತ ಚೆನ್ನಾಗಿ ಬರುವ ಕೆಲಸವನ್ನು ಹೇಗೆ ಬಿಡುತ್ತಾನೆ? ಬಿಟ್ಟ ಮೇಲೆ ಆ ಕೆಲಸಕ್ಕೆ ಅವನು ಏನಾಗಿ ಉಳಿಯುತ್ತಾನೆ?

1882 ಅವನ ಸೈಕಲ್ ಬದುಕಿನ ತುದಿ. ಹಿಂದಿನ ಚಳಿಗಾಲವನ್ನು ಈಜಿಪ್ತಿನ ಅಸ್ಯೂತ್ ಪಟ್ಟಣದಲ್ಲಿ ಅರಬ್ಬಿ ಕಲಿಯುತ್ತ ಕಳೆದಿದ್ದ. ಅಲ್ಲಿಂದ ಬಂದವನೇ ಬ್ರಿಟನ್ನಿನ ನೈರುತ್ಯದ ಮೂಲೆಯಾದ ಲ್ಯಾಂಡ್ಸ್ ಎಂಡ್‌ನಿಂದ ಸ್ಕಾಟ್ಲೆಂಡಿನ ತುದಿಯ ಜಾನ್ ಓ ಗ್ರೋಟ್ಸ್‌ವರೆಗೆ 994 ಮೈಲಿಯನ್ನು 13 ದಿನದಲ್ಲಿ ತುಳಿದ. ಅದೇ ಜುಲೈ 29ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಟ್ರ್ಯಾಕಿನಲ್ಲಿ 50 ಮೈಲಿಯ ಹವ್ಯಾಸಿ ಚಾಂಪಿಯನ್‌ಶಿಪ್ಪನ್ನು ಎರಡು ಗಂಟೆ 43 ನಿಮಿಷ ಚಿಲ್ಲರೆಯಲ್ಲಿ ಗೆದ್ದ. ಹಿಂದಿನ ದಾಖಲೆ ನಿಮಿಷಗಳ ಲೆಕ್ಕದಲ್ಲಿ ಹಿಂದೆ ಬಿತ್ತು. ಅದೇ ಅವನ ಕೊನೆಯ ದೊಡ್ಡ ಗೆಲುವು. ಆಗ ವಯಸ್ಸು 26. ಸೋತು ಬಿಟ್ಟವನಲ್ಲ, ಮೈ ಮುರಿದುಕೊಂಡು ಬಿಟ್ಟವನೂ ಅಲ್ಲ. ಲಂಡನ್ ಬೈಸಿಕಲ್ ಕ್ಲಬ್ಬಿನ ಅಧ್ಯಕ್ಷನಾಗಿದ್ದ, ಸವಾರಿಯನ್ನು ಪ್ರೀತಿಸುತ್ತಲೇ ಇದ್ದ. ಗೆಲ್ಲುವುದನ್ನು ಮಾತ್ರ ಬಿಟ್ಟ. ಬಿಡುತ್ತಿದ್ದೇನೆಂದು ಯಾರಿಗೂ ಡಂಗುರ ಹೊಡೆಯಲಿಲ್ಲ.

ಹೀಗೆ ಬಿಟ್ಟ ಮೇಲೆ ಅವನ ಕೈಗೆ ಬಂದದ್ದು ನಮ್ಮ ನೆಲದ ಕಥೆ. ಇಲ್ಲಿ ಮೊದಲ ದಾರಿ ಸಿಗುತ್ತದೆ. 1885ರಲ್ಲಿ ಕೇಂಬ್ರಿಡ್ಜಿನಿಂದ ಅವನ ಪುಸ್ತಕ ಬಂತು: ‘ಕಲೀಲಾ ಮತ್ತು ದಿಮ್ನಾ’, ಸಿರಿಯಾಕ್ ಭಾಷೆಯಿಂದ ಇಂಗ್ಲಿಷಿಗೆ. ಕಲೀಲಾ, ದಿಮ್ನಾ ಅಂದರೆ ಬೇರೆ ಯಾರೂ ಅಲ್ಲ, ಪಂಚತಂತ್ರದ ಎರಡು ನರಿಗಳಾದ ಕರಟಕ, ದಮನಕರೇ. ಆರನೇ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೋ ಅನುಶಿರ್ವಾನನ ಆಸ್ಥಾನದ ಬುರ್ಜೂಯೆ ಎಂಬ ವೈದ್ಯ ಭಾರತಕ್ಕೆ ಬಂದು ಈ ಕಥೆಗಳನ್ನು ಪಹ್ಲವಿಗೆ ತಿರುಗಿಸಿಕೊಂಡು ಹೋದ. ಸತ್ತವರನ್ನು ಎಬ್ಬಿಸುವ ಮೂಲಿಕೆ ಹುಡುಕಿಕೊಂಡು ಬಂದವನಿಗೆ, ಮೂಲಿಕೆ ಅಂದರೆ ಜ್ಞಾನ, ಸತ್ತವರು ಅಂದರೆ ಅಜ್ಞಾನಿಗಳು ಎಂದು ಇಲ್ಲಿನ ಹಿರಿಯರು ತಿಳಿಹೇಳಿದರೆಂದು ಒಂದು ಕಥೆಯಿದೆ. ಪಹ್ಲವಿಯ ಆ ಪ್ರತಿ ಕಳೆದುಹೋಯಿತು. ಕಳೆಯುವ ಮೊದಲೇ ಎಂಟನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅದನ್ನು ಅರಬ್ಬಿಗೆ ತಂದಿದ್ದ. ಅವನನ್ನು ಆಳುವವರು ಚಿಕ್ಕ ವಯಸ್ಸಿನಲ್ಲೇ ಕೊಲ್ಲಿಸಿದರು. ಅರಬ್ಬಿಯಿಂದ 10 ಅಥವಾ 11ನೇ ಶತಮಾನದಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಸಿರಿಯಾಕಿಗೆ ಇಳಿಸಿದ. ಆ ಪಾದ್ರಿಯ ಹಸ್ತಪ್ರತಿಯನ್ನು ವಿದ್ವಾಂಸ ವಿಲಿಯಂ ರೈಟ್ 1884ರಲ್ಲಿ ಅಚ್ಚು ಹಾಕಿಸಿದ, ಮರುವರ್ಷ ಕೀತ್-ಫಾಕ್ನರ್ ಅದನ್ನು ಅನುವಾದಿಸಿ, ಈ ಕಥೆಗಳು ಊರೂರು ದಾಟಿದ ಚರಿತ್ರೆಯನ್ನೇ ಉದ್ದವಾದ ಪೀಠಿಕೆಯಾಗಿ ಬರೆದ.

ಈ ಸರಪಳಿಯ ಇನ್ನೊಂದು ಕೊಂಡಿ ನಮ್ಮಲ್ಲಿದೆ. ಸಿರಿಯಾಕ್ ಪಾದ್ರಿ ಬರೆಯುತ್ತಿದ್ದ ಹೆಚ್ಚುಕಡಿಮೆ ಅದೇ ಕಾಲಕ್ಕೆ, 1031ರ ಸುಮಾರಿಗೆ, ಚಾಲುಕ್ಯ ದೊರೆ ಎರಡನೆಯ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿ ದುರ್ಗಸಿಂಹ ಅದೇ ಕಥೆಗಳನ್ನು ಕನ್ನಡದ ಚಂಪುವಾಗಿ ಬರೆದ. ವಿಷ್ಣುಶರ್ಮನ ದಾರಿ ಬಿಟ್ಟು ವಸುಭಾಗಭಟ್ಟನ ಪರಂಪರೆಯನ್ನು ಹಿಡಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಮುಂದೆ ಅದೇ ವಂಶದ ರಾಜಧಾನಿಯಾದ ಕಲ್ಯಾಣ ನಮ್ಮ ಜಿಲ್ಲೆಯ ಬಸವಕಲ್ಯಾಣವೇ. ಒಬ್ಬ ಕನ್ನಡದ ಮಂತ್ರಿ, ಒಬ್ಬ ಸಿರಿಯಾಕ್ ಪಾದ್ರಿ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಇಬ್ಬರ ಮೇಜಿನ ಮೇಲೂ ಅದೇ ಸಿಂಹ, ಅದೇ ಎತ್ತು, ಅದೇ ಚಾಡಿಕೋರ ನರಿ. ಎಂಟೂವರೆ ಶತಮಾನ ಕಳೆದ ಮೇಲೆ ಅವರಲ್ಲೊಬ್ಬನ ಬರಹವನ್ನು ಕೈಗೆತ್ತಿಕೊಂಡವನು ಮಾಜಿ ಸೈಕಲ್ ಚಾಂಪಿಯನ್.

ಇಲ್ಲಿ ನನಗೆ ಒಂದು ವಿಚಾರ ಹೊಳೆಯುತ್ತದೆ. ಟ್ರ್ಯಾಕಿನ ಮೇಲಿನ ವೇಗವನ್ನು ಯಾರಿಗೂ ಕೊಟ್ಟು ಹೋಗಲಾಗುವುದಿಲ್ಲ. ಅದು ಒಂದು ಮೈಯಲ್ಲಿ ಹುಟ್ಟಿ ಅದೇ ಮೈಯಲ್ಲಿ ಮುಗಿಯುತ್ತದೆ. 50 ಮೈಲಿ ತುಳಿದವನು ಹೊರಟ ಗೆರೆಗೇ ಬಂದು ನಿಲ್ಲುತ್ತಾನೆ. ಗಡಿಯಾರದಲ್ಲಿ ಒಂದು ಅಂಕಿ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ, ಆ ಅಂಕಿಯನ್ನೂ ಕೆಲವೇ ವರ್ಷದಲ್ಲಿ ಮತ್ತೊಬ್ಬ ಅಳಿಸುತ್ತಾನೆ. ಕಥೆ ಹಾಗಲ್ಲ. ಹೊತ್ತವರೆಲ್ಲ ಸತ್ತರೂ ಅದು ಮುಂದೆ ಹೋಗುತ್ತದೆ. ಇಷ್ಟು ಹೇಳಿ, ಓಟಕ್ಕಿಂತ ವಿದ್ಯೆ ದೊಡ್ಡದು, ಅದಕ್ಕೇ ಅವನು ಬಿಟ್ಟ ಎಂದು ಮುಗಿಸಿಬಿಡಬಹುದು. ಅವನ ಚರಿತ್ರೆ ಬರೆದ ಭಕ್ತರು ಆ ಧಾಟಿಯಲ್ಲೇ ಬರೆದರು: ಸೈಕಲ್ಲು ಹುಡುಗಾಟ, ಅರಬ್ಬಿ ಸಿದ್ಧತೆ, ಧರ್ಮಸೇವೆ ಗುರಿ. ನನಗೆ ಇದು ಒಪ್ಪಿತವಲ್ಲ. ಆ ಒಂಬತ್ತು ದಿನದ ಕಾಗದ ಓದಿದರೆ ಹುಡುಗಾಟ ಕಾಣುವುದಿಲ್ಲ. ಅಲ್ಲಿ ಕಾಣುವುದು ಹಿಡಿದ ಕೆಲಸಕ್ಕೆ ಮೈ ಮನಸ್ಸನ್ನು ಪೂರ್ತಿ ಒಪ್ಪಿಸಿದ ಒಬ್ಬ ಮನುಷ್ಯ. ಸಿರಿಯಾಕಿನ ಒಂದು ಕ್ಲಿಷ್ಟ ವಾಕ್ಯದ ಮುಂದೆ ಕೂತದ್ದೂ ಅದೇ ಮನುಷ್ಯ. ಕೀನ್‌ನ ಗಾಲಿಯ ಹಿಂದೆ ಉಸಿರು ಹಿಡಿದು ಕಾದ ಹದಿನೈದು ನಿಮಿಷ ಯಾವುದಕ್ಕೂ ಮೆಟ್ಟಿಲಾಗಿರಲಿಲ್ಲ. ಅದು ತನ್ನಷ್ಟಕ್ಕೆ ಪೂರ್ಣವಾಗಿತ್ತು.

ಎರಡನೆಯ ದಾರಿ, ಅವನು ಕೊನೆಗೆ ಹೋದ ಅರಬಸ್ತಾನದ ಏಡನ್ ಮೇಲಿಂದ ಬರುತ್ತದೆ. 1839ರಲ್ಲಿ ಬ್ರಿಟಿಷರ ಮುಂಬಯಿ ಸರಕಾರದ ಪಡೆ ಹಿಡಿದ ಆ ಬಂದರು ಮುಂದೆ ದಶಕಗಟ್ಟಲೆ ಮುಂಬಯಿ ಪ್ರಾಂತ್ಯದ ಭಾಗವಾಗಿಯೇ ಇತ್ತು. ಅಂದರೆ ಧಾರವಾಡ, ಬೆಳಗಾವಿ, ಕಾರವಾರಗಳನ್ನು ಆಳುತ್ತಿದ್ದ ಅದೇ ಸರಕಾರದ ಕೈಯಲ್ಲಿ. ನಾವಿಲ್ಲಿ ನಿಜಾಮನ ಕೈಕೆಳಗಿದ್ದೆವು. ಏಡನ್‌ನಿಂದ ಪೂರ್ವಕ್ಕಿರುವ ಹದ್ರಮೌತ್ ಸೀಮೆಯಿಂದ ಅರಬರು ಬಂದು ನಿಜಾಮನ ಸೈನ್ಯ ಸೇರುತ್ತಿದ್ದ ಕಾಲ ಅದು. ಚಾವೂಸ್ ಎಂದು ಈ ಭಾಗದ ಜನ ಕರೆಯುವ ಮನೆತನಗಳು ಅವರವೇ. ಹೈದರಾಬಾದಿನ ಬಾರ್ಕಸ್ ಇಂದಿಗೂ ಅವರ ಕೇರಿ. ಹಾಗಾಗಿ ಕೀತ್-ಫಾಕ್ನರ್ ಹೋದ ಅರಬಸ್ತಾನ ನಮಗೆ ದೂರದ ಅಪರಿಚಿತ ನಾಡೇನೂ ಅಲ್ಲ.

ಅವನು ಹೋದದ್ದು ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಪರವಾಗಿ, ಕೂಲಿಯಿಲ್ಲದೆ, ತನ್ನದೇ ಖರ್ಚಿನಲ್ಲಿ. 1885ರ ಕೊನೆಗೆ ಒಮ್ಮೆ ಹೋಗಿ, ಏಡನ್ ಒಳಗಿನ ಕೋಟೆ-ದಂಡು ಬೇಡವೆಂದು, ಕೆಲವು ಮೈಲಿ ಒಳನಾಡಿನ ಶೇಖ್ ಉಸ್ಮಾನ್ ಎಂಬ ಹಳ್ಳಿಯನ್ನು ಆರಿಸಿಕೊಂಡ. ಆಸ್ಪತ್ರೆ ಕಟ್ಟಿ, ಅದರ ಮೂಲಕ ಕ್ರೈಸ್ತಧರ್ಮದ ಮಾತು ಹೇಳುವುದು ಅವನ ಉದ್ದೇಶ. 1886ರಲ್ಲಿ ಕೇಂಬ್ರಿಡ್ಜ್ ಅವನನ್ನು ಅರಬ್ಬಿಯ ಪ್ರಾಧ್ಯಾಪಕನನ್ನಾಗಿ ನೇಮಿಸಿತು; ಮಕ್ಕಾ ಯಾತ್ರೆಯ ಬಗ್ಗೆ ಉಪನ್ಯಾಸ ಕೊಟ್ಟು, ನವೆಂಬರಿನಲ್ಲಿ ಹೆಂಡತಿಯೊಡನೆ ಮತ್ತೆ ಹಡಗು ಹತ್ತಿದ. ಮನೆ ಕಟ್ಟುವುದು ಇನ್ನೂ ಮುಗಿದಿರಲಿಲ್ಲ. ಬಾಡಿಗೆಯ ಸಣ್ಣ ಮನೆಯಲ್ಲಿದ್ದಾಗ ಜ್ವರ ಶುರುವಾಯಿತು. ಬಿಟ್ಟಿತು, ಬಂತು, ಮತ್ತೆ ಬಿಟ್ಟಿತು, ಮತ್ತೆ ಬಂತು. 1887ರ ಮೇ 11ರಂದು ನಿದ್ದೆಯಲ್ಲೇ ಹೋದ. ಆಗ ವಯಸ್ಸು 30.

ಆಗಿನವರು ಅದನ್ನು ಏಡನ್ ಜ್ವರವೆಂದರು. ಈಗ ಬರೆಯುವವರು ಮಲೇರಿಯಾ ಎನ್ನುತ್ತಾರೆ. ಮಲೇರಿಯಾವನ್ನು ಹೊತ್ತು ತಿರುಗುವುದು ಸೊಳ್ಳೆಯೆಂಬುದಕ್ಕೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಅವನು ಸತ್ತು ಹತ್ತು ವರ್ಷಕ್ಕೆ; 1897ರ ಆಗಸ್ಟ್ 20ರಂದು, ಬೀದರಿನಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ ಸೂಕ್ಷ್ಮದರ್ಶಕದಡಿ ಸೊಳ್ಳೆಯ ಹೊಟ್ಟೆಯನ್ನು ಸೀಳಿ ನೋಡಿದಾಗ. ಇದನ್ನು ನೆನೆದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. 994 ಮೈಲಿ ತುಳಿದ ಆ ಕಾಲುಗಳು, 50 ಮೈಲಿ ಬತ್ತದ ಆ ಉಸಿರು, ಒಂದು ಸೊಳ್ಳೆಪರದೆ ಉಳಿಸಬಹುದಾಗಿದ್ದ ಮೈ. ಕಾಲ ಮುಂದೆ ಓಡಿತ್ತು ಎಂದರೂ ಸರಿ, ಹಿಂದೆ ಬಿದ್ದಿತ್ತು ಎಂದರೂ ಸರಿ. ನಮ್ಮೆಲ್ಲರಿಗೂ ಪರಿಚಯವಿರುವ ಸೈಕಲ್ಲೂ ಅವನ ಓಟದ ದಿನಗಳಿಗೆ ಸಿಗಲಿಲ್ಲ: ಎರಡೂ ಗಾಲಿ ಹೆಚ್ಚುಕಡಿಮೆ ಸಮನಾದ, ಚೈನು ಹಾಕಿದ ಸ್ಟಾರ್ಲಿಯ ರೋವರ್ ಸೈಕಲ್ಲು 1885ರಲ್ಲಿ ಬಂತು, ಗಾಳಿ ತುಂಬಿದ ಟೈರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ.

ಅವನ ಏಡನ್ ಯಾತ್ರೆಯ ಬಗ್ಗೆ ನನ್ನ ಮಾತು ಮುಚ್ಚಿಡಲಾರೆ. ತೋಪುಗಳ ನೆರಳಿನಲ್ಲಿ ನಿಂತು ಮತ್ತೊಬ್ಬರ ನಂಬಿಕೆಯನ್ನು ಬದಲಿಸಲು ಹೊರಡುವುದು ನನಗೆ ಹಿಡಿಸದ ಕೆಲಸ. ದೂರ ಹೋಗಿ ದಂಡಿನಿಂದ ಹೊರಗೆ ಇರುತ್ತೇನೆಂದರೂ, ಶೇಖ್ ಉಸ್ಮಾನ್ ಬ್ರಿಟಿಷರು ಲಹೆಜ್ ಸುಲ್ತಾನನಿಂದ ಕೊಂಡ ನೆಲವೇ. ಆದರೆ ಬೀದರಿನವರಾಗಿ ನಾವು ಇನ್ನೊಂದನ್ನೂ ಒಪ್ಪಬೇಕು. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಂತವರಿಗೆ, ಅಳಿದುಳಿದ ಮಿನಾರಿನ ನೀಲಿ-ಹಳದಿ ಹೆಂಚುಗಳನ್ನು ಕಂಡವರಿಗೆ, ದೂರದ ಭಾಷೆಯನ್ನು ಅದರ ತಾಯಿಬೇರಿನವರೆಗೆ ಕಲಿಯುವುದೆಂದರೇನೆಂದು ಬೇರೆ ಹೇಳಬೇಕಿಲ್ಲ. ಗಿಲಾನಿನಿಂದ ಬಂದ ಗವಾನ್ ಹಿರಾತಿನ ಕವಿ ಜಾಮಿಯ ಜೊತೆ ಪತ್ರ ವ್ಯವಹಾರ ನಡೆಸುತ್ತಿದ್ದವನು. ಅವನೂ ತನ್ನ ಕೆಲಸ ಮುಗಿಸಲಿಲ್ಲ. 1481ರಲ್ಲಿ ಕಳ್ಳ ಪತ್ರವೊಂದನ್ನು ನಂಬಿ ಸುಲ್ತಾನನೇ ಅವನ ತಲೆ ತೆಗೆಸಿದ. 1696ರಲ್ಲಿ ಮದರಸಾದಲ್ಲಿ ಸಿಡಿಮದ್ದು ಸ್ಫೋಟಿಸಿ ಅರ್ಧ ಮುಖವೇ ಉರುಳಿತು. ಹೀಗೆ ನಡುವೆ ಮುರಿದುಹೋದ ಕೆಲಸಗಳ ನಡುವೆಯೇ ನಾವು ಬದುಕುತ್ತಿದ್ದೇವೆ. ನೌಬಾದಿನ ಸುರಂಗ ಬಾವಿಯನ್ನೇ ನೋಡಿ. ಬಹಮನಿಗಳ ಕಾಲದಲ್ಲಿ, ಪರ್ಷಿಯಾದ ವಿದ್ಯೆ ಬಲ್ಲವರು ಕೆಂಪು ಜಂಬಿಟ್ಟಿಗೆ ಕೊರೆದು, ಅಲ್ಲಲ್ಲಿ ಗಾಳಿಬಾವಿ ಬಿಟ್ಟು, ಕಿಲೋಮೀಟರುಗಟ್ಟಲೆ ನೆಲದೊಳಗೆ ನೀರು ಹರಿಸಿದರು. ಕೊರೆದವರ ಹೆಸರು ಎಲ್ಲೂ ಇಲ್ಲ. ಹೂಳು ತುಂಬಿ ಜನ ಮರೆತರು. ಇತ್ತೀಚಿನ ದಶಕದಲ್ಲಿ ಹೂಳು ತೆಗೆದಾಗ ಒಳಗೆ ಇನ್ನೂ ನೀರಿತ್ತು.

ಮತ್ತೆ ಬಿಡುವ ಮಾತಿಗೆ ಬರುತ್ತೇನೆ. ಗೆದ್ದು ಬಿಟ್ಟವರ ಕಥೆ ಕನ್ನಡದವರಿಗೆ ಹೊಸದಲ್ಲ. ಇಲ್ಲಿಂದ ದಕ್ಷಿಣಕ್ಕೆ, ಕಾಗಿಣಾ ದಂಡೆಯ ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ ಜಿನಸೇನ ಸಂಸ್ಕೃತದಲ್ಲಿ ಬರೆದ, 941ರಲ್ಲಿ ಪಂಪ ಕನ್ನಡಕ್ಕೆ ತಂದ ಬಾಹುಬಲಿಯ ಕಥೆ ನಮ್ಮ ರಕ್ತದಲ್ಲಿದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದವನು, ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕಪ್ಪಳಿಸದೆ ಇಳಿಸಿ, ಗೆದ್ದ ರಾಜ್ಯವನ್ನು ಹಿಂದಕ್ಕೆ ಕೊಟ್ಟು ಕಾಡಿಗೆ ಹೋದ. ಬಾಹುಬಲಿ ಬಿಟ್ಟದ್ದು ಗೆಲುವಿನ ಬಗ್ಗೆ ಹೇಸಿಗೆ ಹುಟ್ಟಿ. ಗೆಲುವಿನ ಒಳಗೇ ಇದ್ದ ಕೊಳೆ ಅವನಿಗೆ ಕಂಡಿತು. ಕೀತ್-ಫಾಕ್ನರ್‌ನಲ್ಲಿ ಆ ಹೇಸಿಗೆ ಇಲ್ಲ. ಅವನಿಗೆ ಗೆಲುವು ಕೊನೆಯವರೆಗೂ ಸಿಹಿಯಾಗಿಯೇ ಇತ್ತು. ಸಿಹಿಯಾಗಿದ್ದಾಗಲೇ ತಟ್ಟೆಯಿಂದ ಎದ್ದ. ಹಳಸಿದ್ದನ್ನು ಬಿಡುವುದು ಸುಲಭ. ರುಚಿಯಾದದ್ದನ್ನು, ರುಚಿಯನ್ನು ಹಳಿಯದೆ ಬಿಡುವುದು ಬೇರೆಯೇ ಬಗೆಯದು. ಅಂಥವನಲ್ಲಿ ಬಿಟ್ಟದ್ದರ ಮೇಲೆ ಕೋಪ ಉಳಿಯುವುದಿಲ್ಲ, ಬಿಟ್ಟೆನೆಂಬ ಹೆಮ್ಮೆಯೂ ಉಳಿಯುವುದಿಲ್ಲ. ಬಾಹುಬಲಿಯನ್ನೂ ತಪಸ್ಸಿನಲ್ಲಿ ಬಹುಕಾಲ ತಡೆದು ನಿಲ್ಲಿಸಿದ್ದು ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಒಂದು ಸಣ್ಣ ಮುಳ್ಳೇ ಅಲ್ಲವೇ?

ಇಷ್ಟರವರೆಗೆ ನನಗೆ ಕೀತ್-ಫಾಕ್ನರ್‌ನ ಮೇಲೆ ಮೆಚ್ಚುಗೆಯೇ ಇತ್ತು, ಈಗಲೂ ಇದೆ. ಆದರೆ ಆ ಐದು ಗಜ ಹಿಂದೆ ಉಳಿದವನ ಕಡೆ ನೋಡಿದಾಗ ಮೆಚ್ಚುಗೆ ಒಂಟಿಯಾಗಿ ನಿಲ್ಲಲಾರದು.

ಬಾಹುಬಲಿ ರಾಜ. ಕೀತ್-ಫಾಕ್ನರ್ ಸ್ಕಾಟ್ಲೆಂಡಿನ ಕಿಂಟೋರ್ ಜಹಗೀರಿನ ಎಂಟನೇ ಅರ್ಲ್‌ನ ಮಗ. ಇವರಿಬ್ಬರೂ ಬಿಟ್ಟದ್ದು ಬಿಟ್ಟರೂ ಉಣ್ಣಲು ಇದ್ದವರು. ಆ ಕಾಲದ ಇಂಗ್ಲೆಂಡಿನಲ್ಲಿ ಹವ್ಯಾಸಿ ಎಂಬ ಬಿರುದಿಗೇ ಜಾತಿಯ ವಾಸನೆಯಿತ್ತು. ಹವ್ಯಾಸಿ ಅಥ್ಲೆಟಿಕ್ ಕ್ಲಬ್ 1866ರಲ್ಲಿ ಮಾಡಿದ ನಿಯಮದಲ್ಲಿ ಮೆಕ್ಯಾನಿಕ್, ಕಸುಬುದಾರ, ಕೂಲಿಗಾರ ಇವರು ಯಾರೂ ಹವ್ಯಾಸಿಗಳೇ ಅಲ್ಲ. ಬಹುಮಾನದ ದುಡ್ಡಿಗೆ ಓಡಿರಬೇಕೆಂದೂ ಇಲ್ಲ. ಕೈಯಲ್ಲಿ ದುಡಿಯುತ್ತಾನೆ ಎಂಬುದೇ ಹೊರಗಿಡಲು ಸಾಕಾಗಿತ್ತು. 1878ರಲ್ಲಿ ಹುಟ್ಟಿದ ಬೈಸಿಕಲ್ ಯೂನಿಯನ್ ಆ ಷರತ್ತನ್ನು ಕೈಬಿಟ್ಟಿತು, ಆದರೂ ದುಡ್ಡಿಗೆ ಓಡುವವನು ಒಂದು ಕಡೆ, ಗೌರವಕ್ಕೆ ಓಡುವವನು ಇನ್ನೊಂದು ಕಡೆ ಎಂಬ ಗೋಡೆ ಹಾಗೇ ಉಳಿಯಿತು. ಕೀನ್ ಗೋಡೆಯ ಆಚೆಯವನು. ಲಂಡನ್ ಬಳಿಯ ಸರ್ಬಿಟನ್‌ನಲ್ಲಿ ಸೈಕಲ್ ಕಟ್ಟಿ ಮಾರುತ್ತಿದ್ದ, ಕಟ್ಟಿದ್ದನ್ನೇ ಏರಿ ಓಡಿಸುತ್ತಿದ್ದ. ಅವನಿಗೆ ಪಂದ್ಯ ಮರೆತುಹೋಗುವುದು ಸಾಧ್ಯವೇ ಇರಲಿಲ್ಲ. ಒಂಬತ್ತು ದಿನದ ತಯಾರಿಯಲ್ಲಿ ಗೆಲ್ಲುವ ಸೊಗಸು ಅವನಿಗೆ ಸಿಗುವಂಥದ್ದಲ್ಲ. ಅವನ ತಯಾರಿ ವರ್ಷವಿಡೀ, ಕೈಯಲ್ಲಿ ಸ್ಪಾನರ್ ಹಿಡಿದೇ ನಡೆಯಬೇಕಿತ್ತು.

ನಮ್ಮ ಹುಡುಗ ಹುಡುಗಿಯರು ಕೀನ್‌ನ ಕಡೆಯವರು. ವಿಜಯಪುರ, ಬಾಗಲಕೋಟೆಯ ಸೀಮೆಯಿಂದ ಎಷ್ಟೋ ವರ್ಷಗಳಿಂದ ರೈತರ ಮಕ್ಕಳು ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ತರುತ್ತಿದ್ದಾರೆ. ಎಳ್ಳು ಹಚ್ಚಿದ ಜೋಳದ ರೊಟ್ಟಿ ತಿಂದು, ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದು, ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ನಸುಕಿನಲ್ಲೇ ತುಳಿದು ಕಲಿತವರು. ಅವರ ಮನೆಯವರು ಕೇಳುವ ಮೊದಲ ಪ್ರಶ್ನೆ ಪದಕ ಎಷ್ಟು ಎಂದಲ್ಲ, ರೈಲ್ವೆಯಲ್ಲೋ ಮಿಲಿಟರಿಯಲ್ಲೋ ನೌಕರಿ ಆದೀತೇ ಎಂದು. ಆ ಪ್ರಶ್ನೆಯಲ್ಲಿ ನನಗೆ ಯಾವ ಕೀಳುತನವೂ ಕಾಣುವುದಿಲ್ಲ. ಕೆಲಸ ಸಿಕ್ಕ ಮೇಲೆ ಸೈಕಲ್ಲು ಬಿಟ್ಟರೆ ಆಟಕ್ಕೆ ಮೋಸ ಮಾಡಿದರೆಂದು ಕೆಲವರು ಮೂಗು ಮುರಿಯುತ್ತಾರೆ. ಹಾಗೆ ಮುರಿಯುವ ಮೂಗು 1866ರ ಆ ನಿಯಮ ಬರೆದವರ ಮೂಗೇ.

ಹಾಗಾದರೆ ಬಿಡುವ ಭಾಗ್ಯ ಉಳ್ಳವರಿಗಷ್ಟೇ ಮೀಸಲೇ? ಇಲ್ಲಿ ಬಸವಕಲ್ಯಾಣ ಮತ್ತೆ ನೆನಪಾಗುತ್ತದೆ, ಈ ಸಲ ರಾಜರ ಕಲ್ಯಾಣವಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಾಯಕ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಅದಕ್ಕಿಂತ ಬಡ ಕಾಯಕ ಇರಲಾರದು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸುಮ್ಮನಿರಲಿಲ್ಲ; ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅವಳು ಕಾಯಕ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಕಾಯಕದೊಳಗೇ ನಿಂತು ಹೆಚ್ಚುವರಿಯನ್ನು ಬಿಟ್ಟಳು. ರಾಜ್ಯ ಬಿಟ್ಟ ಬಾಹುಬಲಿಗೂ ಟ್ರ್ಯಾಕ್ ಬಿಟ್ಟ ಅರ್ಲ್‌ನ ಮಗನಿಗೂ ಅವಳು ಹೇಳಿಕೊಡುವಂಥದ್ದು ಇದೆ ಎಂದು ನನಗನ್ನಿಸುತ್ತದೆ: ಹೋಗದೆಯೂ ಬಿಡಬಹುದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನೂ ಇದೇ ಸಾಲಿನಲ್ಲಿ ನೆನೆಯುತ್ತೇನೆ. ನಿಜಾಮನ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ತಮ್ಮ ಕೆಲಸಕ್ಕೆ ಸಲ್ಲಬೇಕಾದ ಹೆಸರನ್ನು ಹೊರಗಿನ ಬೋರ್ಡಿನ ಮೇಲೆ ಬಿಟ್ಟುಕೊಟ್ಟು, ಕೆಲಸವನ್ನು ಮಾತ್ರ ಬಿಡದೆ ಉಳಿದರು.

ಈ ಕಣ್ಣಿನಿಂದ ಕೀನ್‌ನನ್ನು ನೋಡಿದರೆ ಅವನು ಸೋತ ಗೋಲಿಯಾತನಾಗಿ ಕಾಣುವುದಿಲ್ಲ. ಕೇಂಬ್ರಿಡ್ಜಿನ ವಿದ್ಯಾರ್ಥಿಗಳ ಮೈದಾನದಲ್ಲಿ, ಅವರ ಜನರ ನಡುವೆ, ಅವರ ಹುಡುಗನ ಎದುರು ಅವನು ಐದು ಮೈಲಿ ಓಡಿಸಿ ಐದು ಗಜಕ್ಕೆ ಸೋತ. ಸೋತವನು ಕಸುಬು ಬಿಡಲಿಲ್ಲ. ಆಮೇಲೂ ವರ್ಷಗಳ ಕಾಲ ಓಟಕ್ಕಿಳಿದ, ಸೈಕಲ್ ಕಟ್ಟಿದ. ಪಾದ ಜಾರದಂತೆ ಅಂಚಿಗೆ ಹಲ್ಲು ಕೊರೆದ ಲೋಹದ ಪೆಡಲಿನ ಶ್ರೇಯವನ್ನು ಸೈಕಲ್ ಚರಿತ್ರೆ ಬರೆದವರು ಅವನಿಗೆ ಕೊಡುವುದುಂಟು. ಅದು ನಿಜವಾದರೆ, ಟ್ರ್ಯಾಕಿನ ವೇಗವನ್ನು ಯಾರಿಗೂ ಕೊಟ್ಟು ಹೋಗಲಾಗದು ಎಂದು ಮೇಲೆ ಬರೆದ ಮಾತಿಗೆ ಇಲ್ಲೊಂದು ತಿದ್ದುಪಡಿ ಬೇಕು. ಕೀತ್-ಫಾಕ್ನರ್ ಕೊಟ್ಟು ಹೋದದ್ದು ಟ್ರ್ಯಾಕಿನ ಹೊರಗೆ ಕಲಿತದ್ದನ್ನು. ಕೀನ್ ಕೊಟ್ಟು ಹೋದದ್ದು ಟ್ರ್ಯಾಕಿನ ಮೇಲೆಯೇ, ಸಾವಿರ ಸಲ ಪಾದ ಜಾರಿದಾಗ ಕಲಿತದ್ದನ್ನು. ವಿಜಯಪುರದ ಹುಡುಗಿಯೊಬ್ಬಳು ಹಳೆಯ ಸೈಕಲ್ ಮೇಲೆ ಮೊದಲ ಸಲ ಎದ್ದು ನಿಂತು ತುಳಿಯುವಾಗ ಅವಳ ಅಂಗಾಲಿಗೆ ತಾಗುವ ಹಲ್ಲು ಅವನ ಕಸುಬಿನಿಂದ ಬಂದದ್ದು.